ಖಾಲಿ ಬಂದ ಗಾಡಿ

ಪಕ್ಕಪಕ್ಕದ ಎರಡು ಮಂಚಗಳ ಮೇಲೆ ಅಕ್ಕ ಮತ್ತು ತಮ್ಮ ಒಬ್ಬರಿಗೊಬ್ಬರು ಮುಖ ತಿರುಗಿಸಿ ಮಲಗಿದ್ದರು. ನಡುವೆ ಮೊಣಕಾಲೆತ್ತರದ ಬಿಳಿ ಪೆಟ್ಟಿಗೆಯೊಂದು ಸಣ್ಣಗೆ ಗುನುಗುತ್ತಿತ್ತು. ತಮ್ಮನ ತೋಳಿನಿಂದ ಹೊರಟ ಕೊಳವೆ ಪೆಟ್ಟಿಗೆಯನ್ನು ಹೊಕ್ಕು ಅಕ್ಕನ ತೋಳಿಗೆ ಹೋಗುತ್ತಿತ್ತು. ಅಕ್ಕನ ಇನ್ನೊಂದು ತೋಳಿನ ಕೊಳವೆ ಅದೇ ಪೆಟ್ಟಿಗೆಯ ಮೂಲಕ ಹಿಂದಿರುಗಿ ತಮ್ಮನನ್ನು ಸೇರುತ್ತಿತ್ತು. ಎರಡರಲ್ಲೂ ರಕ್ತ ಹರಿಯುತ್ತಿತ್ತು. ಪೆಟ್ಟಿಗೆಯ ನೆತ್ತಿಯ ಮೇಲೆ ಹಳೆಯ ಗಡಿಯಾರದಂಥ ಒಂದು ಮುಳ್ಳು. ಅದು ಕೆಂಪು ಬಣ್ಣದ ಮೇಲೆ ನಿಂತು ನಡುಗುತ್ತಿತ್ತು.

"ಅವಗ ಹೇಳ್ರಿ ಡಾಕ್ಟರ್ ಬಾಯಾರ," ಎಂದಳು ಅಕ್ಕ, ಗೋಡೆಯ ಕಡೆ ನೋಡುತ್ತ. "ಹಲ್ಲು ಕಡಿಯೂದು ಬಿಡು ಅನ್ರಿ. ಅವನ ಸಿಟ್ಟು ನನ್ನ ಮೈಯಾಗ ಸುಡಾಕತ್ತೈತಿ."

"ಆಕಿಗೆ ಹೇಳ್ರಿ," ಎಂದ ತಮ್ಮ, ಕಿಟಕಿಯ ಕಡೆ ನೋಡುತ್ತ. "ರಕ್ತ ಕೊಡಾಕ ಬಂದೀನಿ. ನಗಾಕ ಬಂದಿಲ್ಲ."

"ನಾ ಏನ್ ನಿಮ್ಮಿಬ್ಬರ ನಡುವಿನ ಟಪಾಲು ಅಂದ್ಕೊಂಡೀರೇನ್ರಿ?" ಎಂದರು ಡಾಕ್ಟರ್ ತಬಸ್ಸುಮ್ ಬಾಗವಾನ. ಅವರ ಕಣ್ಣು ಮುಳ್ಳಿನ ಮೇಲೇ ಇತ್ತು.

ಆ ಯಂತ್ರವನ್ನು ಕಂಡುಹಿಡಿದವರು ಅವರೇ. ಹೆಸರು ಸಹಧಾರೆ. ಬಾಗಲಕೋಟೆಯ ಹಿನ್ನೀರಿನ ದಂಡೆಯ ಮೇಲಿದ್ದ ಆ ಸಣ್ಣ ಸಂಶೋಧನಾಲಯಕ್ಕೆ ಈಗ ಎಲ್ಲೆಲ್ಲಿಂದಲೋ ಜನ ಬರುತ್ತಿದ್ದರು. ಕೆಟ್ಟ ಅಂಗವನ್ನು ಕಿತ್ತು ಬೇರೆ ಹಾಕುವ ಕಾಲ ಹಿಂದೆ ಬಿದ್ದಿತ್ತು. ವಾರಕ್ಕೊಮ್ಮೆ ಕೆಲವು ತಾಸು ಒಡಹುಟ್ಟಿದವರ ರಕ್ತದ ಹರಿವನ್ನು ರೋಗಿಯ ಹರಿವಿಗೆ ಜೋಡಿಸಿದರೆ, ಗಟ್ಟಿ ದೇಹ ಕೆಟ್ಟ ದೇಹದ ಕೆಲಸವನ್ನೂ ಮಾಡಿಕೊಡುತ್ತಿತ್ತು. ಅಷ್ಟೇ ಅಲ್ಲ, ಕೆಟ್ಟ ಅಂಗಕ್ಕೆ ಮತ್ತೆ ಬೆಳೆಯುವುದನ್ನು ಕಲಿಸಿಕೊಡುತ್ತಿತ್ತು. ಜನ ಅದಕ್ಕೆ ತಮ್ಮದೇ ಹೆಸರಿಟ್ಟಿದ್ದರು: ಅಕ್ಕ-ತಮ್ಮರ ಪೆಟಗಿ.

ಶಾಕಂಬರಿಯ ಕಾಯಿಲೆ ಬೇರೆ ಯಾವ ದಾರಿಗೂ ಬಗ್ಗದ್ದು. ನಮ್ಮ ರಕ್ತದಲ್ಲಿ ಬಿಳಿಕಣಗಳೆಂಬ ಕಾವಲುಗಾರರಿರುತ್ತಾರೆ. ಹೊರಗಿನ ರೋಗಾಣುಗಳನ್ನು ಹುಡುಕಿ ಕೊಲ್ಲುವುದು ಅವರ ಕೆಲಸ. ಶಾಕಂಬರಿಯ ಕಾವಲುಗಾರರಿಗೆ ಹುಚ್ಚು ಹಿಡಿದಿತ್ತು. ಅವರು ಅವಳ ಯಕೃತ್ತನ್ನೇ ಶತ್ರುವೆಂದು ತಿಳಿದು ಕೊರೆಯುತ್ತಿದ್ದರು. ಹೊಸ ಯಕೃತ್ತು ಹಾಕಿದರೆ ಅದನ್ನೂ ಕೊರೆಯುತ್ತಿದ್ದರು. ಉಳಿದದ್ದು ಸಹಧಾರೆಯೊಂದೇ. ಅದಕ್ಕೆ ಒಂದೇ ಅಚ್ಚಿನ ರಕ್ತ ಬೇಕು, ಮತ್ತು ಅದು ಇದ್ದದ್ದು ಇಳಕಲ್ಲಿನ ತಮ್ಮ ವಿರೂಪಾಕ್ಷನಲ್ಲಿ ಮಾತ್ರ. ಅವನ ಜೊತೆ ಅವಳು ಮಾತು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು.

ಸಿಟ್ಟಾದಾಗ ಮೈಯಲ್ಲಿ ಕೆಲವು ರಾಸಾಯನಿಕಗಳು ಉಕ್ಕುತ್ತವೆ. ದಾನಿಯ ಸಿಟ್ಟು ಕೊಳವೆ ಹಿಡಿದು ರೋಗಿಗೆ ಇಳಿದರೆ ಅವಳಿಗೆ ಚಳಿಜ್ವರ. ಅದಕ್ಕೇ ಆ ಮುಳ್ಳು. ಕೆಂಪಿನಿಂದ ಹಳದಿಗೆ, ಹಳದಿಯಿಂದ ಹಸಿರಿಗೆ ಇಳಿಸುವುದೇ ಡಾಕ್ಟರರ ಗುರಿ. ಬಂದವರಿಗೆಲ್ಲ ಅವರು ಹೇಳುತ್ತಿದ್ದ ಮಾತು ಒಂದೇ: "ಮೊದಲ ಮನಸ್ಸು ಕೂಡಸ್ರಿ. ಆಮ್ಯಾಲೆ ರಕ್ತ ತಾನ ಕೂಡತೈತಿ."

*

ಜಗಳ ಹುಟ್ಟಿದ್ದು ನಾಗರ ಪಂಚಮಿ ಹಬ್ಬದಲ್ಲಿ.

ಪಂಚಮಿಗೆ ತವರಿನವರು ಬಂದು ಕರೆದೊಯ್ಯಬೇಕು. ಅದು ಆ ಕಡೆಯ ಹೆಣ್ಣುಮಕ್ಕಳ ಹಕ್ಕು. ಗುಳೇದಗುಡ್ಡದ ನೇಕಾರರ ಮನೆಗೆ ಮದುವೆಯಾಗಿ ಹೋದಾಗಿನಿಂದ ಶಾಕಂಬರಿ ಆ ದಿನ ಬೆಳಗಾದರೆ ಬಾಗಿಲಲ್ಲಿ ಕೂರುತ್ತಿದ್ದಳು. ಅಪ್ಪ ಬಂದ, ಅಪ್ಪ ತೀರಿದ ಮೇಲೆ ತಮ್ಮ ಬಂದ. ಆಮೇಲೆ ಚಾಲಕರಿಲ್ಲದ ಗಾಡಿಗಳು ಬಂದವು. ಇಳಕಲ್ಲಿಗೆ ಅಂಥ ಮೊದಲ ಗಾಡಿ ತಂದವನು ವಿರೂಪಾಕ್ಷ. ಆ ವರ್ಷ ಮಗ್ಗದ ತುಂಬ ಕೆಲಸ. ಬಿಟ್ಟೇಳಲು ಬಿಡುವಿಲ್ಲದೆ ಗಾಡಿಯನ್ನಷ್ಟೇ ಕಳಿಸಿದ. ಕೂಸು ಹೆತ್ತವನಷ್ಟು ಹೆಮ್ಮೆಯಿಂದ ಕಳಿಸಿದ ಎನ್ನಬೇಕು. ಒಳಗೆ ತನ್ನ ದನಿಯನ್ನೂ ತುಂಬಿದ್ದ.

ಗುಳೇದಗುಡ್ಡದ ಓಣಿಯಲ್ಲಿ ಆ ಗಾಡಿ ಬಂದು ಶಾಕಂಬರಿಯ ಬಾಗಿಲ ಮುಂದೆ ನಿಂತಿತು. ಬಾಗಿಲು ತಾನೇ ತೆರೆಯಿತು. ಒಳಗೆ ಯಾರೂ ಇಲ್ಲ. "ಅಕ್ಕಾ, ಕರಿಯಾಕ ಬಂದೀನಿ. ಹತ್ತು," ಎಂದಿತು. ಅವಳು ಹತ್ತಲಿಲ್ಲ. ಮತ್ತೆ ಎಂದಿತು. ನೆರೆಯವರೆಲ್ಲ ಮಗ್ಗ ಬಿಟ್ಟು ಬಂದು ನೋಡಿದರು. "ನಿಮ್ಮ ತಮ್ಮ ಬಾಳ ಬಡವಾಗ್ಯಾನಲ್ಲವ್ವ, ಮೈಯ್ಯ ಕಾಣವಲ್ತು," ಎಂದು ಯಾರೋ ನಕ್ಕರು.

ಶಾಕಂಬರಿ ಒಳಗೆ ಹೋಗಿ ಒರಳಿನ ಗುಂಡುಕಲ್ಲನ್ನು ಎತ್ತಿ ತಂದಳು. ಅದಕ್ಕೆ ಕುಂಕುಮ ಹಚ್ಚಿ, ಸೀಟಿನ ಮೇಲಿಟ್ಟು, ಬೆಲ್ಟು ಬಿಗಿದು, "ಹೋಗು" ಎಂದಳು. ಇಳಕಲ್ಲಿನಲ್ಲಿ ವಿರೂಪಾಕ್ಷನ ಹೆಂಡತಿ ಆರತಿ ಹಿಡಿದು, ಓಣಿಯ ಹೆಂಗಸರನ್ನೆಲ್ಲ ಕೂಡಿಸಿಕೊಂಡು, ಅಕ್ಕನನ್ನು ಇಳಿಸಿಕೊಳ್ಳಲು ನಿಂತಿದ್ದಳು. ಗಾಡಿ ಬಾಗಿಲು ತೆರೆದಾಗ ಕಂಡದ್ದು ಕಲ್ಲು. ಊರು ಬಹಳ ದಿನ ನಕ್ಕಿತು. ಅವನು ಮತ್ತೆ ಕರೆಯಲಿಲ್ಲ, ಅವಳು ಮತ್ತೆ ಹೋಗಲಿಲ್ಲ. ಈಗ ಅವನು ರಕ್ತ ಕೊಡಲು ಬಂದದ್ದೂ ಪ್ರೀತಿಯಿಂದಲ್ಲ. ಅಕ್ಕನನ್ನು ಸಾಯಲು ಬಿಟ್ಟ ಎಂದು ಅದೇ ಊರು ಆಡಿಕೊಳ್ಳಬಾರದೆಂದು.

*

ಆದರೆ ವಾರವಾರ ತಾಸುಗಟ್ಟಲೆ ಪಕ್ಕದಲ್ಲಿ ಮಲಗಿಯೂ ಮಾತಾಡದೆ ಇರುವುದು ಕಷ್ಟದ ಕೆಲಸ. ಒಮ್ಮೆ ಶಾಕಂಬರಿ ಕೊಳವೆಗಳನ್ನೇ ನೋಡುತ್ತ ಮಲಗಿದ್ದವಳು, ಯಾರಿಗೆಂದು ಹೇಳದೆ, "ಕೊಂಡಿ ಹಾಕ್ಯಾರ ನಮಗ," ಎಂದಳು.

ಇಳಕಲ್ ಸೀರೆಯ ಒಡಲಿನ ಎಳೆಗಳು ಬೇರೆ, ಸೆರಗಿನ ರೇಷ್ಮೆ ಎಳೆಗಳು ಬೇರೆ. ಒಂದರ ಕುಣಿಕೆಯೊಳಗೆ ಇನ್ನೊಂದನ್ನು ತೂರಿಸಿ, ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಚಿಕ್ಕವರಿದ್ದಾಗ ಇಬ್ಬರೂ ಎದುರುಬದುರು ಕೂತು ಆ ಕೆಲಸ ಮಾಡಿದವರು.

ತಮ್ಮ ಸೂರು ನೋಡುತ್ತ, "ನೀ ಯಾವಾಗೂ ಎಳಿ ಜಗ್ಗಿ ಹಿಡಿತಿದ್ದಿ. ನನ್ನ ಕೈಬಟ್ಟು ಕೊಯ್ದು ಹೋಗ್ತಿದ್ವು," ಎಂದ.

"ನೀ ನಿದ್ದಿ ಹೊಡಿತಿದ್ದಿ ಬಾಡ್ಯಾ. ಅದಕ್ಕ ಜಗ್ಗತಿದ್ದೆ."

ಮುಳ್ಳು ಕೆಂಪಿನ ಅಂಚಿಗೆ ಸರಿಯಿತು. ಅಂದಿನಿಂದ ವಾರವಾರ ಇಳಿಯುತ್ತ ಬಂತು. ಅವ್ವನ ಸಾರಿನ ಮಾತು ಬಂತು, ಅಪ್ಪನ ಗೊರಕೆಯ ಮಾತು ಬಂತು. ಕೊನೆಗೆ ಕಲ್ಲಿನ ಮಾತೂ ಬಂತು. "ಆ ಗುಂಡುಕಲ್ಲು ಈಗೂ ನಮ್ಮ ಅಡಿಗಿಮನಿಯಾಗ ಐತಿ," ಎಂದ ವಿರೂಪಾಕ್ಷ. "ನನ್ನ ಹೇಣ್ತಿ ಅದರಲೆ ಚಟ್ನಿ ಅರಿತಾಳ. ಬಾಳ ಚಲೋ ಕಲ್ಲದು." ಅಕ್ಕ ನಕ್ಕಳು, ನಗುವಿನ ನಡುವೆ ಅತ್ತಳು. ಈ ಪಂಚಮಿಗೆ ತಾನೇ ಬಂದು ಕರೆದೊಯ್ಯುತ್ತೇನೆ, ಬೇವಿನ ಗಿಡಕ್ಕೆ ಹಬ್ಬದ ಜೋಕಾಲಿ ಕಟ್ಟಿಸುತ್ತೇನೆ ಎಂದ ಅವನು. ಮುಳ್ಳು ಹಸಿರಿಗೆ ಬಂದು ನಿಂತಿತು. ಅಲ್ಲಾಡಲೇ ಇಲ್ಲ.

ಶಾಕಂಬರಿಯ ಕಣ್ಣಿನ ಅರಿಶಿನ ಬಣ್ಣ ತಿಳಿಯಾಗುತ್ತಿತ್ತು. ಯಕೃತ್ತಿನ ಅಂಚಿನಲ್ಲಿ ಹೊಸ ಚಿಗುರು ಕಂಡಿತ್ತು. ಸಂಶೋಧನಾಲಯದ ಎಲ್ಲರಿಗೂ ಸಂತೋಷ. ಡಾಕ್ಟರರಿಗೆ ಮಾತ್ರ ಹಸಿರಿನ ಮೇಲೆ ಹಾಗೆ ಸತ್ತಂತೆ ನಿಂತ ಮುಳ್ಳನ್ನು ನೋಡಿದಾಗ ಏನೋ ಕಸಿವಿಸಿ. ಕಾರಣ ಅವರಿಗೇ ಗೊತ್ತಿರಲಿಲ್ಲ.

ಕಾರಣ ಬೇರೆ ಕಡೆಯಿಂದ ಬಂತು. ಸಹಧಾರೆಯ ಮೊದಲ ಜೋಡಿ ಅವಳಿ ಅಣ್ಣತಮ್ಮಂದಿರು, ಒಬ್ಬರನ್ನೊಬ್ಬರು ಬಿಟ್ಟಿರದವರು. ಅವರ ಮುಳ್ಳು ಮೊದಲ ದಿನದಿಂದಲೇ ಹಸಿರು. ರೋಗಿ ಗುಣವಾಗಿ ಮನೆಗೆ ಹೋಗಿದ್ದ. ಈಗ ಮತ್ತೆ ಬಂದಿದ್ದರು. ಬಾಗಿಲಲ್ಲಿ ನಿಂತ ಇಬ್ಬರನ್ನು ನೋಡಿ ಡಾಕ್ಟರು ಕುರ್ಚಿಯಿಂದೆದ್ದು ಹತ್ತಿರ ಹೋದರು. ಕಣ್ಣು ಅರಿಶಿನವಾಗಿದ್ದದ್ದು ರೋಗಿಯದಲ್ಲ, ರಕ್ತ ಕೊಟ್ಟವನದು.

*

ಡಾಕ್ಟರು ಎಲ್ಲ ದಾನಿಗಳ ರಕ್ತವನ್ನು ಮತ್ತೆ ಪರೀಕ್ಷಿಸಿದರು. ಆಮೇಲೆ ಶಾಕಂಬರಿಯನ್ನು ಒಬ್ಬಳನ್ನೇ ಕರೆಸಿ ಕೂರಿಸಿಕೊಂಡರು. ಕಿಟಕಿಯಾಚೆ ಬೇಸಿಗೆಯ ಹಿನ್ನೀರು ಇಳಿದಿತ್ತು. ಮುಳುಗಿದ ಹಳೆಯ ಓಣಿಗಳ ಗೋಡೆಗಳು ಕೆಸರಿನಿಂದ ತಲೆ ಎತ್ತಿದ್ದವು.

"ನನ್ನ ಪೆಟಗಿಯೊಳಗ ಒಂದು ಜರಡಿ ಐತ್ರಿ," ಎಂದರು. "ನಿಮ್ಮ ಹುಚ್ಚ ಕಾವಲುಗಾರರು ನಿಮ್ಮ ತಮ್ಮನ ಮೈಗೆ ಹೋಗಬಾರದಂತ. ಆದರೂ ಅಷ್ಟಿಷ್ಟು ನುಸುಳತಾವ. ನುಸುಳಿದರೂ ತಮ್ಮನ ಕಾವಲು ಹಿಡಿದು ಕೊಲ್ಲತೈತಿ ಅಂತ ಧೈರ್ಯದ ಮ್ಯಾಲಿದ್ದೆ."

"ಕೊಲ್ಲಲಿಲ್ಲೇನ್ರಿ?"

"ಸಿಟ್ಟು ಇರೂತನಕ ಕೊಂದಾವ್ರಿ. ಸಿಟ್ಟಾದಾಗ ಮೈ ಎಚ್ಚರ ಇರತೈತಿ, ಒಳಗ ಬಂದವರನ್ನೆಲ್ಲ ತಡವಿ ನೋಡತೈತಿ. ಮನಸ್ಸು ಪೂರಾ ತಣ್ಣಗಾದ ಮ್ಯಾಲೆ ಕಾವಲು ಮಲಗಿಬಿಡತು. ಒಂದ ಅಚ್ಚಿನ ರಕ್ತ ನೋಡ್ರಿ. ನಮ್ಮವರ ಅಂತ ಬಾಗಲಾ ತೆಗದಬಿಟ್ಟೈತಿ." ಡಾಕ್ಟರು ತಮ್ಮ ಕೈಗಳನ್ನು ನೋಡಿಕೊಂಡರು. "ಮನಸ್ಸು ಕೂಡಸ್ರಿ, ಮುಳ್ಳು ಇಳಸ್ರಿ ಅಂತ ಬೆನ್ನು ಹತ್ತಿದಾಕಿ ನಾನ."

ಶಾಕಂಬರಿ ಕಿಟಕಿಯಾಚೆಯ ಗೋಡೆಗಳ ಕಡೆ ತಿರುಗಿದಳು. "ಅವನ ಯಕೃತ್ತಿಗೂ ಮುಟ್ಟ್ಯಾವೇನ್ರಿ?"

"ಈಗ ಬೇರು ಬಿಡಾಕತ್ಯಾವ. ಕೊಳವಿ ಇವತ್ತ ತೆಗದರೂ ಒಳಗಿದ್ದವು ಒಳಗ ಇರತಾವ."

"ಔಷಧ?"

"ಕಾವಲು ಎಬ್ಬಿಸು ಔಷಧ ಐತಿ. ಅದು ಎಬ್ಬಿಸಿದ ಕಾವಲು ಮನಿಯವರನ್ನೂ ಬಿಡೂದಿಲ್ಲ. ಆ ಅವಳಿಯೊಳಗ ರಕ್ತ ಕೊಟ್ಟವರಿಗೆ ಅದನ್ನ ಹಾಕೀವಿ. ಹೃದಯಕ್ಕ ತಿರುಗೈತಿ."

"ಹಂಗಾದರ ಅವನ ಸಿಟ್ಟ ಅವನ ಔಷಧ," ಎಂದಳು ಶಾಕಂಬರಿ.

ಡಾಕ್ಟರು ತಲೆ ಎತ್ತಿದರು. ಅದನ್ನೇ ಅವರು ಹೇಳಲು ಹೆದರುತ್ತಿದ್ದರು. ಮೊದಲ ವಾರಗಳಲ್ಲಿ ಮುಳ್ಳು ಕೆಂಪಿಗೆ ಹೋದಾಗೆಲ್ಲ ವಿರೂಪಾಕ್ಷನ ರಕ್ತ ತೊಳೆದಂತೆ ಸ್ವಚ್ಛವಾಗಿತ್ತು. ಕೆಲವು ತಿಂಗಳು ಆ ಕಾವು ಒಳಗೆ ಆರದಿದ್ದರೆ ಸಾಕು, ಅವನ ಮೈ ತನ್ನ ಕೆಲಸ ತಾನು ಮಾಡಿಕೊಳ್ಳುತ್ತಿತ್ತು.

"ಅವರಿಗೆ ಎಲ್ಲಾ ಹೇಳಬೇಕ್ರಿ. ಅದು ನನ್ನ ಧರ್ಮ."

"ಹೇಳ್ರಿ. ಕೇಳಿದ ಮ್ಯಾಲೆ ಅವಗ ಸಿಟ್ಟು ಎಲ್ಲಿಂದ ಬರತೈತಿ? ಅಕ್ಕಾ ನೀ ಉಳಿ ಸಾಕು ಅಂತ ಇನ್ನಷ್ಟು ನೆಟ್ಟಗ ಮಲಗತಾನ. ನನಗ ಗೊತ್ತಿಲ್ಲೇನು? ನಾಟಕದ ಸಿಟ್ಟಿಗೆ ನಿಮ್ಮ ಮುಳ್ಳು ಏಳತೈತೇನ್ರಿ?"

ಡಾಕ್ಟರು ಇಲ್ಲವೆಂದು ತಲೆಯಾಡಿಸಿದರು. ಆಡಿ ತೋರಿಸುವ ಸಿಟ್ಟಿಗೆ ಮೈ ಮೋಸ ಹೋಗುವುದಿಲ್ಲ. ಅದನ್ನು ಅವರು ಯಾವಾಗಲೋ ನೋಡಿದ್ದರು.

"ಮತ್ತ ನಿಮ್ಮದು? ಚಿಕಿತ್ಸೆ ನಿಂತರ ನಿಮ್ಮ ಚಿಗುರು ಒಣಗತೈತಿ ಶಾಕಂಬರಿಯವರ. ವರ್ಷ ಕಾಣೂದು ಕಷ್ಟ."

"ಅದು ನನಗ ಬಿಡ್ರಿ. ಮುಂದಿನ ವಾರ ಒಂದ ಸಲ ಕೊಳವಿ ಹಚ್ರಿ. ಮುಳ್ಳು ನೋಡಬೇಕಾಗೈತಿ."

"ಹಚ್ಚಿದರ ಅವರ ಸಿಟ್ಟು ಪೂರಾ ನಿಮ್ಮ ಮೈಗೆ ಇಳಿತೈತಿ."

"ಇಳೀಲಿ. ನಾ ಎಬ್ಬಿಸಿದ ಸಿಟ್ಟು, ನನಗ ಬಿಟ್ಟು ಯಾರಿಗೆ ಹೋಗಬೇಕು?"

ಡಾಕ್ಟರು ಒಪ್ಪಿದರು. ಜರಡಿಯ ಆ ಬದಿಯ ದಾರಿಯನ್ನು ಪೂರ್ತಿ ಮುಚ್ಚಿ, ಅವಳಿಂದ ಅವನಿಗೆ ಒಂದು ಹನಿಯೂ ಹೋಗದಂತೆ ಮಾಡಿದರು. ತಾನು ಮಾಡುತ್ತಿರುವುದು ಸರಿಯೋ ತಪ್ಪೋ ಎಂದು ಕೇಳಿಕೊಳ್ಳುವ ಧೈರ್ಯ ಅವರಿಗಾಗಲಿಲ್ಲ.

*

ವಿರೂಪಾಕ್ಷ ಅಂದು ಜೋಕಾಲಿಯ ಹೊಸ ಹಗ್ಗದ ಮಾತಾಡುತ್ತ ಬಂದು ಮಲಗಿದ. ಮುಳ್ಳು ಹಸಿರಿನಲ್ಲಿತ್ತು.

"ಹಗ್ಗ ಯಾರಿಗೋ?" ಎಂದಳು ಶಾಕಂಬರಿ.

"ಯಾರಿಗಂದ್ರ? ನಿನಗ."

"ನಾ ಬರಂಗಿಲ್ಲ. ಯಕೃತ್ತು ಬೆಳದೈತಿ, ಬಾಯಾರು ಹೇಳ್ಯಾರ. ಇವತ್ತಿಗೆ ಸಾಕು. ಇನ್ನ ನೀ ಬರೂದು ಬ್ಯಾಡ."

"ಚಲೋ ಆತಲ್ಲಕ್ಕಾ! ಅದಕ್ಕ ಯಾಕ ಮಾರಿ ಹಂಗ ಮಾಡ್ತಿ?"

"ಹ್ಯಾಂಗ ಮಾಡ್ಲಿ? ಇಷ್ಟ ದಿನ ನಕ್ಕ ನಕ್ಕ ದವಡಿ ನೋಯಾಕತ್ತೈತಿ. ನಕ್ಕರ ಮುಳ್ಳು ಇಳಿತೈತಿ, ಮುಳ್ಳು ಇಳದರ ರಕ್ತ ಬರತೈತಿ ಅಂದ್ರು, ನಕ್ಕೆ. ಅವ್ವನ ಸಾರು, ಅಪ್ಪನ ಗೊರಕಿ, ಎಲ್ಲಾ ಆಡಿದೆ. ನೀ ಖರೇನ ನಂಬಿದೇನೋ?"

ವಿರೂಪಾಕ್ಷ ತಿರುಗಿ ಅವಳನ್ನು ನೋಡಿದ. ಅವನ ಮುಖದಲ್ಲಿ ಇನ್ನೂ ಅರ್ಧ ನಗು ಇತ್ತು. ಅವಳು ಚೇಷ್ಟೆ ಮಾಡುತ್ತಿದ್ದಾಳೆಂದೇ ತಿಳಿದಿದ್ದ. ಮುಳ್ಳು ಅಲ್ಲಾಡಲಿಲ್ಲ. ಶಾಕಂಬರಿ ಅದನ್ನು ನೋಡಿದಳು.

"ಅವ್ವ ಸಾಯುಮುಂದ ನಿನ್ನ ಬಗ್ಗೆ ಏನಂದ್ಲು ಗೊತ್ತೈತೇನು? ಫೋನಿನಾಗ ನನ್ನ ಮುಂದ ಅತ್ತಳು. ವಿರುಪ್ಯಾ ನನ್ನ ಕ್ವಾಣಿಗೆ ಬರೂದಿಲ್ಲ, ಬಾಗಲದಾಗ ನಿಂತ ಮಾತಾಡಿ ಹೋಗತಾನ ಅಂದ್ಲು. ಅಕ್ಕಗ ಖಾಲಿ ಗಾಡಿ ಕಳಿಸಿದಾಂವ ಅವ್ವಗೂ ಖಾಲಿ ಮಾತ ಕೊಟ್ಟಿ."

ಅವ್ವ ಹಾಗೆ ಎಂದೂ ಅಂದಿರಲಿಲ್ಲ. ಅವ್ವನಿಗೆ ತುತ್ತು ಕಲಸಿ ಉಣ್ಣಿಸಿದವನು ಅವನು, ಅವನ ಮಡಿಲಲ್ಲೇ ಅವಳು ಕಣ್ಣು ಮುಚ್ಚಿದ್ದಳು. ಅವನ ಬದುಕಿನಲ್ಲಿ ಅವನಿಗೆ ಹೆಮ್ಮೆಯಿದ್ದದ್ದು ಅದೊಂದರ ಬಗ್ಗೆಯೇ ಎಂದು ಶಾಕಂಬರಿಗೆ ಗೊತ್ತಿತ್ತು. ಅದಕ್ಕೇ ಅಲ್ಲಿಗೇ ಚುಚ್ಚಿದಳು.

ಮುಳ್ಳು ಹಸಿರು ಬಿಟ್ಟಿತು. ಹಳದಿಯಲ್ಲಿ ನಿಲ್ಲಲಿಲ್ಲ. ಕೆಂಪಿನ ಕೊನೆಗೆ ಹೋಗಿ ಗೂಟಕ್ಕೆ ಬಡಿದು ಅಲ್ಲೇ ನಡುಗತೊಡಗಿತು.

"ಕೊಳವಿ ತಗೀರಿ," ಎಂದ ವಿರೂಪಾಕ್ಷ. ದನಿ ಏರಲಿಲ್ಲ. "ಬಾಯಾರ, ಮೊದಲ ತಗೀರಿ. ಈಕಿ ಮೈಯಾಗ ನನ್ನ ಒಂದ ಹನಿನೂ ಇರಬಾರದಿತ್ತು."

ಅವನು ತೋಳು ಒತ್ತಿಕೊಂಡು ಹೊರಟುಹೋದ. ಶಾಕಂಬರಿಗೆ ಆಗಲೇ ಚಳಿ ಹತ್ತಿತ್ತು. ಹಲ್ಲು ಕಟಕಟ ಬಡಿಯುತ್ತಿತ್ತು. ಡಾಕ್ಟರು ಕಂಬಳಿಯ ಮೇಲೆ ಕಂಬಳಿ ಹೊದೆಸಿದರು.

"ಬಾಳ ಸಿಟ್ಟಿನಾಂವ ಅಂವ," ಎಂದಳು ಅವಳು ನಡುಗುತ್ತ. "ಅಪ್ಪನಂಗ. ಬೇಗ ಆರಂಗಿಲ್ಲ."

*

ಪಂಚಮಿಯ ದಿನ ಡಾಕ್ಟರು ಗುಳೇದಗುಡ್ಡಕ್ಕೆ ಹೋದರು. ಶಾಕಂಬರಿಯ ಹೊರಸನ್ನು ಬಾಗಿಲ ಬಳಿ ಹಾಕಿದ್ದರು. ಮುಖ ಮತ್ತೆ ಅರಿಶಿನವಾಗಿತ್ತು, ಹೊಟ್ಟೆ ಉಬ್ಬಿತ್ತು. ಪಕ್ಕದಲ್ಲಿ ಹಬ್ಬದ ಎಳ್ಳುಂಡಿಯ ಡಬ್ಬಿ.

"ಹ್ಯಾಂಗ ಅದಾನ್ರಿ?"

"ತಪಾಸಣೆಗೆ ಬಂದಿದ್ರು. ಯಾರ ಜೋಡಿನೂ ಮಾತಿಲ್ಲ. ಹುಚ್ಚ ಕಣ ಅರ್ಧಕ್ಕ ಇಳದಾವ."

"ಅರ್ಧ ಇನ್ನ ಅದಾವ," ಎಂದಳು ಅವಳು.

ಆಗ ಓಣಿಯ ತಿರುವಿನಲ್ಲಿ ಗಾಡಿಯೊಂದು ಬಂತು. ಸದ್ದಿಲ್ಲದೆ ಬಂದು ಬಾಗಿಲ ಮುಂದೆ ನಿಂತಿತು. ಬಾಗಿಲು ತಾನೇ ತೆರೆಯಿತು. ಸೀಟಿನ ಮೇಲೆ, ಬೆಲ್ಟು ಬಿಗಿಸಿಕೊಂಡು, ಕುಂಕುಮ ಹಚ್ಚಿಸಿಕೊಂಡು ಕೂತಿತ್ತು ಗುಂಡುಕಲ್ಲು. ಚಟ್ನಿ ಅರೆದು ಅರೆದು ನುಣುಪಾಗಿತ್ತು.

"ಅಕ್ಕಾ, ಕರಿಯಾಕ ಬಂದೀನಿ. ಹತ್ತು," ಎಂದಿತು ಗಾಡಿ.

ಅದು ಅಂದಿನ ದನಿ. ಹರೆಯದ, ಹೆಮ್ಮೆಯ, ಮಗ್ಗದ ಸದ್ದಿನ ನಡುವೆ ಅವಸರದಲ್ಲಿ ತುಂಬಿಟ್ಟ ದನಿ. ಗಾಡಿಗಳು ಬದಲಾಗಿದ್ದವು. ದನಿಯನ್ನು ಅವನು ಅಳಿಸದೆ ಇಟ್ಟುಕೊಂಡಿದ್ದ, ಇಂಥ ದಿನಕ್ಕೆಂದು.

ನೆರೆಯವರು ಇಣುಕಿದರು. ಈ ಸಲ ಯಾರೂ ನಗಲಿಲ್ಲ.

"ಇನ್ನೊಮ್ಮೆ ಅನ್ನಲಿ, ತಡೀರಿ," ಎಂದಳು ಶಾಕಂಬರಿ. ಅದು ಮತ್ತೆ ಅಂದಿತು. ಅವಳು ಗೋಡೆ ಹಿಡಿದು ಎದ್ದಳು. ಕಲ್ಲನ್ನು ಡಾಕ್ಟರರೇ ಇಳಿಸಬೇಕಾಯಿತು. ಅದಿದ್ದ ಜಾಗದಲ್ಲಿ ಅವಳು ಎಳ್ಳುಂಡಿಯ ಡಬ್ಬಿಯನ್ನಿಟ್ಟು, ಬೆಲ್ಟಿಗೆ ಕೈ ಹಾಕಿದಳು. ಕೈ ಅಲ್ಲೇ ನಿಂತಿತು. ಡಬ್ಬಿ ಕಂಡರೆ ಅವನ ಸಿಟ್ಟು ಕರಗಿಬಿಡುತ್ತದೆ. ಅವಳು ಡಬ್ಬಿಯನ್ನು ಮತ್ತೆ ತೆಗೆದು ಎದೆಗೊತ್ತಿಕೊಂಡಳು.

"ಖಾಲಿ ಹೋಗಲಿ," ಎಂದಳು.

ಗಾಡಿ ಹೋದ ಮೇಲೆ ಹೊರಸಿನ ಮೇಲೆ ಕುಸಿದು, "ಪೂರಾ ಸ್ವಚ್ಛ ಆದ ದಿನ ಹೇಳ್ರಿ ಬಾಯಾರ. ಅವ್ವನ ಮಾತು ಸುಳ್ಳಂತ ಮೊದಲ ಹೇಳ್ರಿ. ಫೋನಿನಾಗ ಬ್ಯಾಡ. ನೀವ ಹೋಗಿ ಹೇಳ್ರಿ," ಎಂದಳು.

ಆ ದಿನ ಬಂದದ್ದು ದಸರೆ ಕಳೆದ ಮೇಲೆ. ಡಾಕ್ಟರು ತಾವೇ ಇಳಕಲ್ಲಿಗೆ ಹೋದರು. ವಿರೂಪಾಕ್ಷ ನಿಂತೇ ಕೇಳಿದ. ಮಗ್ಗದ ಮೇಲಿದ್ದ ಸೀರೆಯನ್ನು, ಕೊಂಡಿ ಹಾಕಿ ಬಿಟ್ಟಿದ್ದ ಎಳೆಗಳನ್ನು ಹಾಗೇ ಬಿಟ್ಟು ಗಾಡಿಯಲ್ಲಿ ಕೂತ. ಅಷ್ಟು ವರ್ಷಗಳಲ್ಲಿ ಆ ದಾರಿಯಲ್ಲಿ ಆ ಮನೆಯ ಗಾಡಿ ಮನುಷ್ಯನನ್ನು ಕೂರಿಸಿಕೊಂಡು ಹೋದದ್ದು ಅದೇ ಮೊದಲು.

ಗುಳೇದಗುಡ್ಡದ ಓಣಿಯಲ್ಲಿ ಮಗ್ಗಗಳೆಲ್ಲ ನಿಂತಿದ್ದವು. ಮನೆಯ ಮುಂದೆ ಜನ ನೆರೆದಿದ್ದರು, ಬಾಗಿಲ ಬಳಿಯ ಹೊರಸು ಖಾಲಿಯಾಗಿತ್ತು, ಒಳಗಿನಿಂದ ಹೆಂಗಸರ ಅಳು ಬರುತ್ತಿತ್ತು. ಗಾಡಿ ಬಾಗಿಲು ತೆರೆಯಿತು. "ಅಕ್ಕಾ, ಕರಿಯಾಕ ಬಂದೀನಿ. ಹತ್ತು," ಎಂದಿತು. ಅದನ್ನು ನಿಲ್ಲಿಸುವುದು ಹೇಗೆಂದು ಅವನ ಕೈಗೆ ತೋಚಲಿಲ್ಲ.

ಇದೆಲ್ಲ ಮುಂದೆಂದೋ ಆಗಬಹುದಾದ ಮಾತು. ರಕ್ತ ಕೂಡಿಸುವ ಆ ಪೆಟ್ಟಿಗೆ ಇನ್ನೂ ಬಂದಿಲ್ಲ, ಅದರ ಮುಳ್ಳಿಗೆ ಯಾರೂ ಇನ್ನೂ ಬಣ್ಣ ಬಳಿದಿಲ್ಲ. ಆದರೆ ಈ ವರ್ಷ ಪಂಚಮಿಯ ಬೆಳಿಗ್ಗೆ ಎಷ್ಟೋ ಅಕ್ಕಂದಿರ ಮೊಬೈಲುಗಳಲ್ಲಿ ತಮ್ಮಂದಿರು ಕಳಿಸಿದ ಜೋಕಾಲಿಯ ಚಿತ್ರವೊಂದು ಬಂದು ಬಿದ್ದಿತ್ತು. ಖಾಲಿ ಗಾಡಿ ಕಳಿಸುವುದನ್ನು ಮಾತ್ರ ನಾವು ಆಗಲೇ ಕಲಿತಿದ್ದೇವೆ.